ಒಣಗಿದಷ್ಟೂ ಭಾರ

“ಕುಂಭಾಪುರದ ಮಹಾಜನರೇ ಕೇಳಿರಿ. ರಾಜಕುಮಾರಿ ತಾರಾಂಬೆಯವರ ಮೂರು ಒಗಟು ಬಿಡಿಸಿದವನಿಗೆ ಅವರ ಕೈ ಹಿಡಿಯುವ ಯೋಗ. ತಪ್ಪಿದವನಿಗೆ ಸೆರೆ, ಏಳನೆಯ ದಿನ ಹೊತ್ತು ಮುಳುಗುವಾಗ ತಲೆದಂಡ.”

ಹೀಗೆ ಡಂಗುರ ಸಾರಿದ ಮೊದಲ ದಿನವೇ ಬಿಲ್ಲಾಳು ಮಾಚಣ್ಣ ಮೀಸೆ ತಿರುವಿಕೊಂಡು ಹೋದ, ಸೆರೆ ಸೇರಿದ. ಏಳನೆಯ ದಿನ ಅವನ ತಮ್ಮ ಸಂಕಣ್ಣ ಅರಮನೆಗೆ ಬಂದ. ಬಾಗಿಲು, ತೊಲೆಗಳಿಗೆ ಎಣ್ಣೆಮೆರುಗು ಬಳಿಯುವ ಬಡಪಾಯಿ ಅವನು. ಹೆದರಿಕೆಯಿಂದ ಅವನ ಬಾಯಿ ಒಣಗಿತ್ತು.

ಅವನಿಗಿಂತ ಮುಂದೆ ಒಬ್ಬ ರಾಜಕುಮಾರ ನಿಂತಿದ್ದ. ತಾರಾಂಬೆ ಮೂರನ್ನೂ ಒಟ್ಟಿಗೆ ಕೇಳಿದಳು.

“ಹೊಗೆಯಿಲ್ಲ, ಬೂದಿಯಿಲ್ಲ, ಆದರೂ ಎಣ್ಣೆಯನ್ನು ಪಾಕಕ್ಕೆ ತರುವ ಒಲೆ ಯಾವುದು? ಲೋಕದಲ್ಲಿ ಎಲ್ಲವೂ ಒಣಗಿದರೆ ಹಗುರ, ಒಣಗಿದಷ್ಟೂ ಭಾರವಾಗುವುದು ಯಾವುದು, ಅದು ಏನು ತಿಂದು ಭಾರವಾಗುತ್ತದೆ? ಸಾವಿರ ಮದುವೆ ಮಾಡಿಸಿಯೂ ಒಂದು ತುತ್ತು ಉಣ್ಣದೆ, ಬಂದ ತೂಕದಲ್ಲೇ ಹೋಗುವವನು ಯಾರು?”

“ಮೂರನೆಯದು ಸುಲಭ, ಪುರೋಹಿತ” ಎಂದ ರಾಜಕುಮಾರ.

“ನಮ್ಮ ಪುರೋಹಿತರ ಹೊಟ್ಟೆ ನೋಡಿ ಹೇಳಿದಿರಾ?” ಎಂದಳು ತಾರಾಂಬೆ. ಯಾರೂ ನಗಲಿಲ್ಲ. ಭಟರು ಅವನನ್ನು ಎಳೆದೊಯ್ದರು.

ಹೊತ್ತು ಕೋಟೆಗೋಡೆಯ ಹತ್ತಿರಕ್ಕೆ ಇಳಿದಿತ್ತು. ಸಂಕಣ್ಣ ಕೈಮುಗಿದ.

“ತಾಯಿ, ಮೂರೂ ನಮ್ಮ ಕಸುಬಿನವೇ. ಆ ಒಲೆ ಬಿಸಿಲು. ಅದರಲ್ಲೂ ಕಾವಲ್ಲ, ಬೆಳಕು. ಅದೇ ಎಣ್ಣೆಯನ್ನು ಒಲೆ ಪಕ್ಕದ ಕತ್ತಲೆ ಮೂಲೇಲಿಟ್ಟರೆ ವಾರವಾದರೂ ಅಂಟಂಟು. ಒಣಗಿ ಭಾರವಾಗುವುದು ಅಗಸೆ ಎಣ್ಣೆ. ಅದು ತಿನ್ನುವುದು ಗಾಳಿ. ಅದಕ್ಕೇ ನಾವು ಬಟ್ಟಲಿಗೆ ತೆಳುಬಟ್ಟೆ ಕಟ್ಟುತ್ತೇವೆ, ಮುಚ್ಚಳ ಹಾಕುವುದಿಲ್ಲ. ಇನ್ನು ಮದುವೆ ಮಾಡಿಸುವವನು ಇವನು.”

ತಂದಿದ್ದ ಎಣ್ಣೆ ಬಟ್ಟಲಿನಿಂದ ಕೆಂಪು ಹರಳೊಂದನ್ನು ತೆಗೆದ. “ಒಣಗಲ್ಲು ಅಂತೀವಿ. ಇದಿದ್ದರೆ ಎಣ್ಣೆಗೂ ಗಾಳಿಗೂ ಬೆಳಕಿನಲ್ಲಿ ಬೇಗ ಮದುವೆಯಾಗುತ್ತದೆ. ಇದು ಮಾತ್ರ ಸವೆಯುವುದಿಲ್ಲ, ಬೆಳೆಯುವುದಿಲ್ಲ. ಅಜ್ಜನ ಕಾಲದ್ದು.”

“ಬಾಯಿಮಾತು ಸಾಲದು” ಎಂದಳು ತಾರಾಂಬೆ.

ಒಣಗಲ್ಲನ್ನು ಯಾರೂ ಅದಲುಬದಲು ಮಾಡದಿರಲೆಂದು, ಮೆರುಗಿನವರು ಅದಕ್ಕೆ ಸರಿತೂಗುವ ತೂಕದ ಬೊಟ್ಟೊಂದನ್ನು ಸದಾ ಸೊಂಟದಲ್ಲಿ ಇಟ್ಟುಕೊಳ್ಳುತ್ತಾರೆ. ಸಂಕಣ್ಣ ಅದನ್ನು ಬಿಚ್ಚಿ ಕೊಟ್ಟ. ಅರಮನೆಯ ಅಕ್ಕಸಾಲಿಗ ತಕ್ಕಡಿ ಎತ್ತಿದ. ಹರಳಿನ ತಟ್ಟೆ ಕೆಳಗಿಳಿಯಿತು.

“ಭಾರವಾಗಿದೆ” ಎಂದ ಅಕ್ಕಸಾಲಿಗ. ಭಟನ ಕೈ ಸಂಕಣ್ಣನ ಕೊರಳಪಟ್ಟಿಗೆ ಬಿತ್ತು.

ಸಂಕಣ್ಣನಿಗೆ ಅಣ್ಣನ ಮುಖ ಕಣ್ಣಿಗೆ ಕಟ್ಟಿತು. ಆಮೇಲೆ, ಬಟ್ಟಲಿಂದ ತೆಗೆದ ಹರಳನ್ನು ಹೆರೆಯದೆ ಕೊಟ್ಟೆನಲ್ಲ ಎಂಬುದು ನೆನಪಾಯಿತು. ದಿನಾ ಮಾಡುವ ಕೆಲಸವನ್ನೇ ಗಾಬರಿಯಲ್ಲಿ ಮರೆತಿದ್ದ.

“ಸ್ವಾಮಿ, ಅದಕ್ಕೆ ಎಣ್ಣೆಯ ಪೊರೆ ಅಂಟಿದೆ. ಅದು ಎಣ್ಣೆಯ ಪಾಲು, ಇವನದಲ್ಲ. ಒಂದು ಚಿಪ್ಪಿನ ಚೂರು ಕೊಡಿಸಿ.”

ತೆಂಗಿನಚಿಪ್ಪಿನಿಂದ ಹೆರೆದಾಗ ಹಳದಿ ಪೊರೆ ಸುರುಳಿಯಾಗಿ ಎದ್ದು ಬಂತು. ಅಕ್ಕಸಾಲಿಗ ಮತ್ತೆ ತೂಗಿದ. ಮುಳ್ಳು ಆಚೆಗೆ ಈಚೆಗೆ ಓಲಾಡಿತು. ಕೊನೆಗೆ ಮುಳ್ಳು ನಡುವೆ ನಿಂತಿತು.

“ಸರಿಯಾಗಿದೆ” ಎಂದಳು ತಾರಾಂಬೆ. “ಬಾಗಿಲಿಗೆ ಮೆರುಗು ಬಳಿಯುವವರನ್ನು ನೋಡುತ್ತಲೇ ಬೆಳೆದೆ. ಅವರಲ್ಲಿ ಒಬ್ಬರೂ ಇತ್ತ ಬರಲಿಲ್ಲ.”

“ತಲೆ ಹೋಗುತ್ತದೆ ಅಂದರೆ ಯಾರು ಬರುತ್ತಾರೆ ತಾಯಿ? ನಾನೂ ಅಣ್ಣನಿಗಾಗಿ ಬಂದೆ. ಅವನನ್ನು ಬಿಡಿಸಿ, ಉಳಿದವರನ್ನೂ.”

“ನನ್ನ ಕೈ?”

“ಅದನ್ನು ಅಮ್ಮನನ್ನು ಕೇಳಿ ಹೇಳುತ್ತೇನೆ.”

ತಾರಾಂಬೆಯ ಮುಖ ಕೆಂಪೇರಿತು. ಆದರೂ ಹೊತ್ತು ಮುಳುಗುವ ಮೊದಲೇ ಸೆರೆಮನೆಯ ಬಾಗಿಲು ತೆರೆಸಿದಳು. ಮರುದಿನ ತಾನೇ ಸಂಕಣ್ಣನ ಮನೆಗೆ ನಡೆದು ಹೋದಳು.

ಅವನ ತಾಯಿ ಚಾಪೆ ಹಾಸಿದಳು. “ಸೊಸೆಯಾಗೋಕೆ ಬಂದಿದ್ದೀಯಂತೆ. ಹಂಗಾದ್ರೆ ನಾನೂ ಒಂದು ಮಾತು ಕೇಳಬೇಕು ಮಗಳೇ.”

ತಾರಾಂಬೆಯ ಬಾಯಿಯೂ ಒಣಗಿತು. “ತಪ್ಪು ಹೇಳಿದರೆ?”

“ತಪ್ಪು ಹೇಳಿದ್ರೆ ಊಟ ಮಾಡ್ಕೊಂಡು ಹೋಗು” ಎಂದಳು ಮುದುಕಿ.