ಕರೆಯುವ ಗೌಜಲಹಕ್ಕಿ

ಬೇಟೆಗಾರನ ಮನೆಯ ಸಾರಿಗೆ ಆ ದಿನ ಯಾವ ಹಕ್ಕಿ ಬಿತ್ತು, ಹೇಳಿ ನೋಡೋಣ ಸ್ವಾಮಿ?

ಪಂಜರದ ಹೆಣ್ಣು ಗೌಜಲಹಕ್ಕಿಗೆ ಇದ್ದದ್ದು ಒಂದೇ ಕೆಲಸ. ಬಲೆಯ ಹಿಂದೆ ಕೂತು, ಪ್ರೀತಿಯಿಂದ ಕೂಗಿ, ಕಾಡಿನ ಗಂಡುಗಳನ್ನು ಕರೆಯುವುದು. ಸಿಕ್ಕಿಬಿದ್ದವರಿಗಾಗಿ ಅವಳೆಂದೂ ಮರುಗಿದವಳಲ್ಲ. "ಕೂಗು ನನ್ನದು, ಬಲೆ ಅವನದು" ಅನ್ನುತ್ತಿದ್ದಳು.

ಅಂದು ಬಂದ ಗಂಡು ಬಲೆಯಾಚೆಗೇ ನಿಂತು ಕೇಳಿದ: "ಅಮ್ಮಣ್ಣೀ, ಹಸಿದವರ ದನಿ ಅನ್ನಿಸಿತು, ನಾಲ್ಕು ಕಾಳು ತಂದಿದ್ದೀನಿ. ಬರಲೇನು?"

ಇಷ್ಟು ವರ್ಷದಲ್ಲಿ ಕೊಡಲು ಬಂದವನು ಅವನೊಬ್ಬನೇ.

"ಬರಬೇಡ ಕಣೋ, ಬಲೆಯಿದೆ!"

"ಹಾಗಾದರೆ ಕರೆದದ್ದೆಲ್ಲ ಸುಳ್ಳೇ?"

"ಎಲ್ಲ ಸುಳ್ಳು. ಹಾರಿಹೋಗು ಅನ್ನುವುದೊಂದೇ ನಿಜ."

ಅವನು ಹಾರಿದ. ಬೇಟೆಗಾರ ಖಾಲಿ ಬಲೆ ಮಡಚಿ, ಪಂಜರದ ಬಾಗಿಲು ತೆಗೆದು ಒಳಗೆ ಕೈ ಹಾಕಿದ. ಬಾಡಿಲ್ಲದೆ ಮನೆಗೆ ಹೋಗುವ ದಿನವಲ್ಲ ಅದು: ಯುಗಾದಿಯ ಮರುದಿನ, ಹೊಸತೊಡಕು.