ದೊಡ್ಡ ಅಳಿಯನ ಶಲ್ಯ

ಮೊರಬನಾಳದ ಮಠವೆಂದರೆ ಮಹಾದ್ವಾರ, ಗೋಪುರ ಇರುವ ಭಾರಿ ಮಠವೆಂದು ಯಾರೂ ತಿಳಿಯಬಾರದು. ಮಣ್ಣಿನ ಗೋಡೆಯ ಒಂದು ಪಡಸಾಲೆ, ಅದರ ಬೆನ್ನಿಗೆ ದನದ ಕೊಟ್ಟಿಗೆ, ಎದುರಿಗೆ ಒಂದು ಬೇವಿನ ಮರ, ಇಷ್ಟೇ. ಆ ಪಡಸಾಲೆಯ ಮೂಲೆಯಲ್ಲಿ ಕಂಬಳಿಯೊಂದನ್ನು ಹಾಸಿಕೊಂಡು ಪೂಜ್ಯ ಶ್ರೀ ಹೊನ್ನಲಿಂಗ ಅಜ್ಜನವರು ತಮ್ಮ ಆಯುಷ್ಯವನ್ನೆಲ್ಲ ಕಳೆದರು. ಮಳೆಗಾಲದಲ್ಲಿ ಮಾಳಿಗೆ ಸೋರಿದರೆ ಕಂಬಳಿಯನ್ನು ಒಂದಿಷ್ಟು ಆಚೆ ಎಳೆದುಕೊಳ್ಳುವರೇ ಹೊರತು, ಮಾಳಿಗೆ ಮಾಡಿಸಿಕೊಡಿರಿ ಎಂದು ಯಾರ ಮುಂದೆಯೂ ಬಾಯಿ ತೆರೆದವರಲ್ಲ.

ಅಜ್ಜನವರ ಒಂದು ಪದ್ಧತಿ ಸುತ್ತಲಿನ ಸೀಮೆಗೆಲ್ಲ ಗೊತ್ತಿತ್ತು. ಭಕ್ತರು ಬಂದು ಶಲ್ಯವನ್ನೋ ಧೋತರವನ್ನೋ ಹೊದಿಸಿದರೆ, ಅದು ಅವರ ಹೆಗಲ ಮೇಲೆ ಇರುತ್ತಿದ್ದುದು ಮುಂದಿನವರು ಬರುವ ತನಕ ಮಾತ್ರ. ಆ ಮುಂದಿನವರು ಸಾಹುಕಾರರಿರಲಿ, ಕುರಿ ಕಾಯುವವರಿರಲಿ, ಅಜ್ಜನವರು ನೋಡುತ್ತಿರಲಿಲ್ಲ. ಬಾರಪ್ಪಾ ಎಂದು ಹತ್ತಿರ ಕರೆದು ಹೆಗಲ ಮೇಲಿನದನ್ನು ತೆಗೆದು ಅವರಿಗೆ ಹೊದಿಸಿಬಿಡುವರು. ಒಮ್ಮೆ ಒಬ್ಬ ದೊಡ್ಡ ಅಧಿಕಾರಿಗಳು ಭಕ್ತಿಯಿಂದ ತಂದು ಹೊದಿಸಿದ ರೇಷ್ಮೆಯ ಶಲ್ಯ ಅವರ ಕಣ್ಣೆದುರಿಗೇ ಅಂಗಳ ಗುಡಿಸುವ ಮುದುಕಿಯ ಮೈಮೇಲೆ ಹೋಯಿತಂತೆ. ಅಧಿಕಾರಿಗಳು ಮೂಗು ಮುರಿಯಲಿಲ್ಲ. ಮುರಿಯುವ ಧೈರ್ಯವೂ ಅವರಿಗೆ ಇದ್ದಿರಲಿಕ್ಕಿಲ್ಲ.

ಈಗ ಹೇಳುವ ಸಂಗತಿ ನಡೆದದ್ದು ಅದೇ ಊರಿನ ವೀರನಗೌಡರ ಮಗನ ಮದುವೆಯ ದಿನ. ಗೌಡರಿಗೆ ಇಬ್ಬರು ಹೆಣ್ಣುಮಕ್ಕಳಾದ ಮೇಲೆ ಹರಕೆ ಹೊತ್ತು ಪಡೆದ ಒಬ್ಬನೇ ಮಗ ಶರಣಪ್ಪ. ಹೆಣ್ಣು ಬಡವರ ಮನೆಯದು. ಆದರೆ ಸಂಬಂಧ ಕೂಡಿಸಿದವರು ಸಾಕ್ಷಾತ್ ಅಜ್ಜನವರೇ ಆದ್ದರಿಂದ ಗೌಡರು ಎರಡನೆಯ ಮಾತಾಡದೆ ಒಪ್ಪಿಕೊಂಡಿದ್ದರು. ಮಠದ ಅಂಗಳದಲ್ಲಿಯೇ ಹಂದರ ಹಾಕಿ, ಬೀಗರಿಗೆ ಮಠದ ಮಗ್ಗಲಿನ ಮನೆಯಲ್ಲಿ ಬಿಡಾರ ಕೊಟ್ಟಿದ್ದರು.

ಗೌಡರ ದೊಡ್ಡ ಅಳಿಯ ಶಿವಪುತ್ರಪ್ಪ. ತಾಲೂಕಿನ ಊರಲ್ಲಿ ಅವನದು ಕಿರಾಣಿ ಅಂಗಡಿ. ಕೈ ಬಾಯಿ ಸ್ವಚ್ಛವಿದ್ದ ಮನುಷ್ಯ, ಕುಡಿತವಿಲ್ಲ, ಜೂಜಿಲ್ಲ. ಇದ್ದದ್ದು ಒಂದೇ ರೋಗ, ಹೊಟ್ಟೆಕಿಚ್ಚು. ಅದೂ ಊರ ಮಂದಿಯ ಮೇಲಲ್ಲ, ಹೆಂಡತಿಯ ತಂಗಿಯ ಗಂಡನಾದ ಅಮರೇಶನೊಬ್ಬನ ಮೇಲೆ. ಅಮರೇಶ ಸೊಲ್ಲಾಪುರದ ಗಿರಣಿಯೊಂದರಲ್ಲಿ ಆಫೀಸರ. ಮಾತು ಮೆತ್ತಗೆ, ನಡೆ ಮೆತ್ತಗೆ, ಹಿರಿಯರ ಮುಂದೆ ಕೂಡದೆ ನಿಂತೇ ಇರುವವ. ಆ ಮೆತ್ತನೆಯ ಸ್ವಭಾವವೇ ಶಿವಪುತ್ರಪ್ಪನಿಗೆ ಮೈಮೇಲೆ ತುರಿಕೆ ಸೊಪ್ಪು ಒರೆಸಿದಂತಾಗುತ್ತಿತ್ತು. ಪಂಚಮಿಯ ಹಬ್ಬದಲ್ಲಿ ಅತ್ತೆ ಉಂಡಿಯ ತಟ್ಟೆಯನ್ನು ಮೊದಲು ಯಾರ ಮುಂದೆ ಇಟ್ಟಳು, ಮಾವ ಯಾರ ಹೆಸರು ಹಿಡಿದು ಕರೆದ, ಯಾರಿಗೆ ಬರೇ ಅಳಿಯಂದಿರ ಎಂದ, ಎಲ್ಲವೂ ಅವನ ಹೊಟ್ಟೆಯಲ್ಲಿ ಜಮಾ ಆಗುತ್ತಿತ್ತು. ಅಮರೇಶ ಹಬ್ಬಕ್ಕೊಂದು ಅಂಗಿಬಟ್ಟೆ ತಂದು ಅಣ್ಣಾವ್ರ ಎಂದು ಎರಡೂ ಕೈಯಿಂದ ಕೊಟ್ಟರೆ, ಇವನು ಅದನ್ನು ಮುಟ್ಟದೆ, ನಮಗೇನು ಅರಿಬಿ ಗತಿ ಇಲ್ಲೇನು ಎಂದು ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದನು. ಶರಣಪ್ಪನ ನಿಶ್ಚಯದ ದಿನ ಅಮರೇಶ ಹಿಂದಿನ ದಿನವೇ ಬಂದು ಎಲ್ಲ ಓಡಾಟ ಮಾಡುತ್ತಿದ್ದಾನೆಂದು ಕೇಳಿ, ತಲೆನೋವಿನ ನೆವ ಹೇಳಿ ಊರಿಗೇ ಹೋಗಲಿಲ್ಲ. ಹೀಗಾಗಿ ಹೆಣ್ಣಿನವರ ಮುಖವನ್ನು ಅವನು ಕಂಡಿರಲಿಲ್ಲ.

ಮದುವೆ ಗೊತ್ತಾದ ಮೇಲೆ ಒಂದು ಸುದ್ದಿ ಬಂದು ಅವನ ನಿದ್ದೆ ಕೆಡಿಸಿತು. ಅಮರೇಶ ಮದುವೆಗೆಂದು ಕೋಟು ಹೊಲಿಸಿದ್ದಾನಂತೆ! ತಗೋ, ಶಿವಪುತ್ರಪ್ಪನಿಗೆ ಅನ್ನ ಗಂಟಲಿಗೆ ಇಳಿಯದಾಯಿತು. ಮದುವೆಗೆ ಗಂಡಸರಾದವರು ಏನು ಉಡಬೇಕೆಂದು ಅಂಗಡಿಗೆ ಬಂದುಹೋಗುವವರನ್ನೆಲ್ಲ ಕೇಳಿದ. ಹಿರಿಯರು ಧೋತರ, ರುಮಾಲು ಎಂದರು. ಹರೆಯದವರು ಸಫಾರಿ ಎಂದರು. ಗಿರಿಜವ್ವ, ಅವನ ಹೆಂಡತಿ, ಬಿಳೇ ಅಂಗಿ, ಹೆಗಲ ಮೇಲೊಂದು ಶಲ್ಯ ಇದ್ದರೆ ನಿಮಗೆ ಛಂದ ಕಾಣತೈತಿ ಎಂದಳು. ಛಂದ ಕಾಣುವುದು ಯಾರಿಗೆ ಬೇಕಿತ್ತು? ಅಮರೇಶನಿಗಿಂತ ಒಂದು ಕೈ ಮೇಲೆ ಕಾಣಬೇಕಿತ್ತು. ಹುಬ್ಬಳ್ಳಿಗೆ ಹೋಗಿ, ಅವನದು ಯಾವ ಬಣ್ಣದ್ದೋ ತಿಳಿಯದೆ ಒದ್ದಾಡಿ, ಕೊನೆಗೆ ದಪ್ಪ ಉಣ್ಣೆಯ ಕರೀ ಕೋಟೊಂದನ್ನು ಹೊಲಿಸಿಕೊಂಡು ಬಂದ. ವೈಶಾಖದ ಬಿಸಿಲಿಗೆ ಉಣ್ಣೆಯ ಕೋಟು! ಟೇಲರನೂ ಹೇಳಿ ನೋಡಿದನಂತೆ, ಆದರೆ ಹೊಟ್ಟೆಯಲ್ಲಿ ಬೆಂಕಿ ಇದ್ದವನಿಗೆ ಹೊರಗಿನ ಬಿಸಿಲಿನ ಚಿಂತೆ ಇರುವುದಿಲ್ಲ.

ಹೊರಡುವ ಹಿಂದಿನ ದಿನ ಅವನು ಹೆಂಡತಿಗೆ ಖಡಾಖಂಡಿತ ಹೇಳಿದನು.

"ಆ ಹಂದರದಾಗ ನನಗಿಂತ ಅವಂದು ಮ್ಯಾಲಾದ್ರ, ಅಕ್ಕಿಕಾಳು ಬೀಳೂದರೊಳಗ ನಾ ಎದ್ದು ಬರತೀನಿ. ನೀನೂ ನನ್ನ ಕೂಡ ಬರಬೇಕು. ಆಮ್ಯಾಲೆ ಆ ಮನಿ ಹೊಸ್ತಿಲಾ ತುಳಿಯೂದಿಲ್ಲ."

ಗಿರಿಜವ್ವ ಎದ್ದು ಮದುವೆಯ ಅರಿಬಿಗಳನ್ನು ತನ್ನ ಚೀಲಕ್ಕೆ ತುಂಬಿದಳು. ಶರಣಪ್ಪ ಅವಳು ಬಗಲಲ್ಲಿ ಎತ್ತಿ ಆಡಿಸಿದ ತಮ್ಮ. ಅವನ ತಲೆಯ ಮೇಲೆ ಅಕ್ಷತೆಯ ಅಕ್ಕಿಕಾಳು ಹಾಕುವ ಭಾಗ್ಯ ತನಗೆ ಸಿಕ್ಕೀತೋ ಇಲ್ಲವೋ ಎಂದು ಆ ತಾಯಿ ದಾರಿಯುದ್ದಕ್ಕೂ ಅಜ್ಜನವರ ನಾಮಸ್ಮರಣೆ ಮಾಡುತ್ತ ಬಂದಳು.

ಮುಂಜಾನೆ ಊರು ಮುಟ್ಟಿದೊಡನೆ ಹೆಂಡತಿಯನ್ನು ಹಂದರದ ಕಡೆ ಕಳಿಸಿ, ಶಿವಪುತ್ರಪ್ಪ ಕೋಟಿನ ಗುಂಡಿ ಹಾಕಿಕೊಂಡು ಅಜ್ಜನವರ ದರ್ಶನಕ್ಕೆ ನಡೆದನು. ಬೇವಿನ ಮರದ ಹತ್ತಿರ ಬಂದವನು ಗಕ್ಕನೆ ನಿಂತನು. ಪಡಸಾಲೆಯಲ್ಲಿ ಅಜ್ಜನವರ ಮುಂದೆ ಅಮರೇಶ ಕುಳಿತಿದ್ದಾನೆ. ಮೈಮೇಲೆ ಬೂದಿ ಬಣ್ಣದ ಹಗುರಾದ ಕೋಟು, ಎಷ್ಟು ಹದವಾಗಿ ಕೂತಿದೆಯೆಂದರೆ ನೋಡಿದವನ ಕಣ್ಣು ಉರಿಯಬೇಕು. ಅದೂ ಸಾಲದೆಂಬಂತೆ ಅವನು ಕಾಗದದ ಪೊಟ್ಟಣ ಬಿಚ್ಚಿ ಒಂದು ಶಲ್ಯವನ್ನು ಹೊರತೆಗೆದನು. ಹಾಲಿನಂಥ ಬಿಳುಪು, ಅಂಗೈ ಅಗಲದ ಜರಿ ಅಂಚು. ಅದನ್ನು ಅಜ್ಜನವರಿಗೆ ಹೊದಿಸಿ, ಏನನ್ನೋ ಸಣ್ಣ ದನಿಯಲ್ಲಿ ಅರಿಕೆ ಮಾಡಿಕೊಂಡು, ನಮಸ್ಕರಿಸಿ ಕೊಟ್ಟಿಗೆಯ ಕಡೆಯ ಬಾಗಿಲಿನಿಂದ ಹೊರಟುಹೋದನು.

ಮರದ ಮರೆಯಲ್ಲಿ ನಿಂತ ಶಿವಪುತ್ರಪ್ಪನ ಹೊಟ್ಟೆ ಭಗಭಗ ಉರಿಯತೊಡಗಿತು. ಅಜ್ಜನವರ ಹತ್ತಿರವೂ ಇವನೇ ಮೊದಲು! ಇಲ್ಲಿಯೂ ಇವನದೇ ಮೇಲು! ತಾನು ಬರಿಗೈಯಲ್ಲಿ ಬಂದದ್ದು ಆಗ ನೆನಪಾಗಿ ಇನ್ನಷ್ಟು ಸಿಟ್ಟು ಬಂತು. ಅಷ್ಟರಲ್ಲಿ ಅಜ್ಜನವರ ಪದ್ಧತಿ ಅವನ ತಲೆಗೆ ಹೊಳೆಯಿತು. ಆ ಶಲ್ಯ ಈಗ ಮೊದಲು ಒಳಗೆ ಹೋದವನಿಗೆ! ಅವನು ತಂದ ಶಲ್ಯವನ್ನೇ ಹೆಗಲಿಗೆ ಹಾಕಿಕೊಂಡು ಹೋಗಿ ಹಂದರದಲ್ಲಿ ಅವನೆದುರಿಗೇ ಕೂಡಬೇಕು. ಅಜ್ಜನವರು ಹೊದಿಸಿದರು ಎಂದರೆ ಯಾರ ಬಾಯಿ ಏಳುತ್ತದೆ? ಈ ವಿಚಾರ ಬಂದದ್ದೇ ಅವನಿಗೆ ಸಕ್ಕರೆ ತಿಂದಷ್ಟು ಖುಷಿಯಾಯಿತು.

ಅವನು ದಾಪುಗಾಲು ಹಾಕಿ ಬಾಗಿಲಿಗೆ ಬರುವುದಕ್ಕೂ, ಒಬ್ಬ ವಯಸ್ಸಾದ ಮನುಷ್ಯ ಅಲ್ಲಿ ಬಗ್ಗಿ ಕೆರ ಬಿಚ್ಚುವುದಕ್ಕೂ ಸರಿಹೋಯಿತು. ಮಾಸಿದ ಧೋತರ, ತೇಪೆ ಹಾಕಿದ ಅಂಗಿ, ಹೆಗಲ ಮೇಲೆ ಬಣ್ಣಗೆಟ್ಟ ಟವೆಲ್ಲು. ಇನ್ನೊಂದು ಹೆಜ್ಜೆ ಇಟ್ಟರೆ ಶಲ್ಯ ಅವನದು. ಶಿವಪುತ್ರಪ್ಪ ಬಾಗಿಲಿಗೆ ಅಡ್ಡ ಕೈ ಹಾಕಿದನು. ಅಜ್ಜನವರು ಪೂಜೆಗೆ ಕುಳಿತಿದ್ದಾರೆ, ಕರೆದಾಗ ಬರುವಿಯಂತೆ, ಅತ್ತ ಹೋಗಿ ಕೂಡು ಎಂದು ಗದರಿಸಿದಂತೆ ಹೇಳಿದನು. ಆ ಮನುಷ್ಯ ಅವನ ಕೋಟನ್ನೊಮ್ಮೆ ನೋಡಿ, ಟವೆಲ್ಲನ್ನು ಎಳೆದು ಹೆಗಲ ಮೇಲಿನ ಹರಕನ್ನು ಮುಚ್ಚಿಕೊಂಡು, ಆತ್ರೀಪಾ ಎಂದು ಹಿಂದಕ್ಕೆ ಸರಿದನು. ಶಿವಪುತ್ರಪ್ಪ ಅದನ್ನು ಕಂಡನು. ಕಂಡೂ ಒಳಗೆ ಹೋದನು.

ಅಜ್ಜನವರು ಅವನನ್ನು ಹತ್ತಿರ ಕರೆದರು. ಆಮೇಲೆ ಹೆಗಲ ಮೇಲಿನ ಶಲ್ಯವನ್ನು ತೆಗೆದು, ಕೋಟಿನ ಮೇಲೆಯೇ ಅವನಿಗೆ ಹೊದಿಸಿದರು. ಶಿವಪುತ್ರಪ್ಪನಿಗೆ ಗೆದ್ದೆನೆಂಬ ಹಿಗ್ಗು ತಡೆಯಲಾಗಲಿಲ್ಲ. ಬಾಗಿ ಪಾದಕ್ಕೆ ಹಣೆ ಹಚ್ಚಿದನು. ಹಣೆ ಇನ್ನೂ ಪಾದದ ಮೇಲಿರುವಾಗಲೇ ಅಜ್ಜನವರು ಮಾತಾಡಿದರು.

"ಇದು ನಿನ್ನ ಸಲುವಾಗಿ ಬಂದಿದ್ದಪ್ಪಾ. 'ಅಣ್ಣಾವ್ರು ನನ್ನ ಕೈಯಿಂದ ಏನೂ ತಗೋಳಂಗಿಲ್ಲ, ನೀವು ಹೊದಿಸಿದ್ರ ಒಲ್ಲೆ ಅನ್ನಂಗಿಲ್ಲ' ಅಂತ ಅಮರೇಶ ಕೊಟ್ಟು ಹೋದ. ನನ್ನ ಪದ್ಧತಿ ಒಂದಿನ ಮುರದು, ನೀ ಬರೂ ತನಕ ಇಟಗೊಂಡು ಕುಂದರತೀನಿ ಅಂದಿದ್ದೆ."

ಶಿವಪುತ್ರಪ್ಪನಿಗೆ ತಲೆ ಎತ್ತಲಾಗಲಿಲ್ಲ. ತನ್ನ ಹೆಸರಿನಲ್ಲಿ ತನಗಾಗಿ ಕಾಯುತ್ತಿದ್ದ ವಸ್ತುವನ್ನು ತಾನೇ ಕಳ್ಳನಂತೆ ಹೊಂಚಿ ತೆಗೆದುಕೊಂಡಿದ್ದನು. ಇಷ್ಟು ವರ್ಷ ಯಾವನನ್ನು ಕಂಡು ಹೊಟ್ಟೆ ಉರಿದುಕೊಂಡನೋ, ಅವನು ಇವನಿಂದ ಒಂದು ಹೂಂ ಅನ್ನಿಸಿಕೊಳ್ಳಲು ಅಜ್ಜನವರ ತನಕ ಬಂದು ಬೇಡಿಕೊಂಡಿದ್ದನು.

ಅಜ್ಜನವರು ಮತ್ತೆ ಕೇಳಿದರು, ಬಾಗಿಲಲ್ಲಿ ಯಾರನ್ನು ತಡೆದು ಬಂದೆ ಎಂದು. ಯಾರೋ ಒಬ್ಬ ಮುದುಕ, ಗುರುತಿಲ್ಲ ಎಂದು ಅವನು ತೊದಲಿದನು.

"ಅಂದಾನಪ್ಪ ಅಂವ. ಇವತ್ತ ನಿಮ್ಮ ಮನಿಗೆ ಹೆಣ್ಣು ಕೊಡಾಂವ. ಬೀಗರ ಅಳಿಯಂದಿರು ಕೋಟು ತೊಟ್ಟು ಬರತಾರಂತ, ನಾ ಅವರ ಮುಂದ ಹೆಂಗ ನಿಂದರಲಿ ಅಂತ ನಿನ್ನೆಯಿಂದ ಕೊಟ್ಟಿಗ್ಯಾಗ ಕುಂತಿದ್ದ. ಹಂದರಕ್ಕ ಬರಂಗಿಲ್ಲ ಅಂದಾನ. ನಾ ಹೇಳಿ ಕಳಿಸಿದ್ದಕ್ಕ ಇಲ್ಲಿ ತನಕ ಬಂದಿದ್ದ."

ಹೊರಗೆ ವಾಲಗದವರು ಶಹನಾಯಿಯ ದನಿ ತೆಗೆಯುತ್ತಿದ್ದರು. ಶಿವಪುತ್ರಪ್ಪನ ಕಣ್ಣೊಳಗೆ ನೀರು ಬಂತು. ಅಂಗಡಿಗೆ ಬಂದವರನ್ನೆಲ್ಲ ಕೇಳಿದ ಮಾತನ್ನೇ ಅವನು ಕಡೆಗೆ ಆ ಪಾದಗಳ ಮುಂದೆ ಇಟ್ಟನು. ಅಜ್ಜಾರ, ಮದುವಿಗೆ ನಾ ಏನು ಉಡಲಿ ಎಂದು ಕೇಳಿದನು.

"ನಿನ್ನ ಮಗ್ಗಲಾಗ ನಿಂತಾಂವಗ ನಾಚಿಕಿ ಆಗದಂಥಾದ್ದು ಉಡು," ಎಂದು ಹೇಳಿ ಅಜ್ಜನವರು ಕಣ್ಣು ಮುಚ್ಚಿದರು.

ಅವನು ಎದ್ದು ಹೊರಗೆ ಓಡಿದನು. ಬೇವಿನ ಮರದ ಕೆಳಗೆ ಯಾರೂ ಇರಲಿಲ್ಲ. ಹೆಣ್ಣಿನ ತಂದೆ ಹೀಗೇ ಊರು ಬಿಟ್ಟು ಹೋದರೆ ಆ ಪಾಪ ಏಳು ಜನ್ಮಕ್ಕೂ ತೀರದೆಂದು ಹೆದರಿ ಕೊಟ್ಟಿಗೆಗೆ ನುಗ್ಗಿದನು. ಅಂದಾನಪ್ಪ ದನಗಳಿಗೆ ಮೇವು ಹಾಕುವ ಗ್ವಾದಲಿಯ ಹಿಂದೆ, ಗೋಡೆಗೆ ಮುಖ ಮಾಡಿಕೊಂಡು ತನ್ನ ಗಂಟು ಕಟ್ಟುತ್ತಿದ್ದನು. ಶಿವಪುತ್ರಪ್ಪ ಶಲ್ಯದ ಕೆಳಗಿನ ಕೋಟನ್ನು ಕಳಚಿದನು. ಆ ಸೆಗಣಿಯ ನೆಲದ ಮೇಲೆಯೇ ಮಂಡಿಯೂರಿ ಹಿರಿಯನ ಕಾಲು ಹಿಡಿದನು.

"ಅಜ್ಜಾರು ಪೂಜಿ ಮಾಡತಿರಲಿಲ್ಲರಿ, ನಾ ಸುಳ್ಳು ಹೇಳಿದೆ. ನಾ ನಿಮ್ಮ ಬೀಗರ ದೊಡ್ಡ ಅಳಿಯ. ನೀವು ಬರದ ಹೊರತು ಅಕ್ಕಿಕಾಳು ಬೀಳಬಾರದು."

ಅಂದಾನಪ್ಪ ಗಾಬರಿಯಾಗಿ ಬ್ಯಾಡ್ರಿ, ಬ್ಯಾಡ್ರಿ ಎನ್ನುತ್ತಿದ್ದಂತೆಯೇ ಶಿವಪುತ್ರಪ್ಪ ಅವನ ಎರಡೂ ತೋಳು ಹಿಡಿದು ಕೋಟು ತೊಡಿಸಿದನು. ಧೋತರದ ಮೇಲೆ ಕರೀ ಕೋಟು, ನಮ್ಮ ಕಡೆಯ ಹಿರಿಯರಿಗೆ ಅದಕ್ಕಿಂತ ಒಪ್ಪುವ ಉಡುಪು ಬೇರೆ ಇಲ್ಲ. ಹೆಗಲು ಒಂದಿಷ್ಟು ಸಡಿಲವಾಗಿತ್ತು. ಆದರೂ ಗುಂಡಿ ಹಾಕಿದ ಮೇಲೆ ಅಂದಾನಪ್ಪನ ಬೆನ್ನು ತಾನಾಗಿ ನೆಟ್ಟಗಾಯಿತು. ಇಬ್ಬರೂ ಪಡಸಾಲೆಯ ಮುಂದೆ ಹಾದು ಬಂದಾಗ ಅಜ್ಜನವರು ಎದ್ದು ಬಂದು ಕೋಟಿನ ಕಾಲರನ್ನು ತಮ್ಮ ಕೈಯಿಂದ ಸರಿಮಾಡಿ, ಆ ಬೀಗರನ್ನು ತಾವೇ ಕೈಹಿಡಿದು ಹಂದರಕ್ಕೆ ಕರೆದೊಯ್ದರು.

ಹಂದರದಲ್ಲಿ ಗಿರಿಜವ್ವ ದೂರದಿಂದಲೇ ಗಂಡನನ್ನು ಕಂಡಳು. ಮೈಮೇಲೆ ಕೋಟಿಲ್ಲ, ಮೊಣಕಾಲಿಗೆ ಸೆಗಣಿ, ಕಣ್ಣು ಕೆಂಪಗೆ. ಎಲ್ಲವೂ ಮುಗಿಯಿತು, ಇನ್ನು ಎಬ್ಬಿಸಿಕೊಂಡು ಹೊರಡುವವನೇ ಎಂದುಕೊಂಡು, ತಮ್ಮನ ಕಡೆ ಒಮ್ಮೆ ಕಣ್ತುಂಬ ನೋಡಿ, ಯಾರಿಗೂ ಹೇಳದೆ ತನ್ನ ಚೀಲವನ್ನು ಕೈಗೆತ್ತಿಕೊಂಡು ನಿಂತಳು. ಶಿವಪುತ್ರಪ್ಪ ಹತ್ತಿರ ಬಂದವನು ಆ ಚೀಲವನ್ನು ನೋಡಿದನು. ತನ್ನ ಹೊಟ್ಟೆಕಿಚ್ಚು ಈ ಹೆಣ್ಣಿಗೆ ಏನೇನು ರೂಢಿ ಮಾಡಿಸಿದೆಯೆಂದು ಅವನಿಗೆ ಆಗ ತಿಳಿಯಿತು. ಚೀಲವನ್ನು ಅವಳ ಕೈಯಿಂದ ಇಸಿದುಕೊಂಡು, ಗಿರಿಜಾ, ಮುಂದ ಹೋಗಿ ನಿಂದ್ರು, ಇಲ್ಲಿಂದ ಒಗದ್ರ ಅಕ್ಕಿಕಾಳು ಶರಣಪ್ಪಗ ಮುಟ್ಟಂಗಿಲ್ಲ ಎಂದನು.

ಅಮರೇಶ ಕಂಬದ ಹತ್ತಿರ ಬೆವರು ಒರೆಸಿಕೊಳ್ಳುತ್ತ ನಿಂತಿದ್ದನು. ಶಿವಪುತ್ರಪ್ಪ ಹೋಗಿ ಅವನ ಮಗ್ಗಲಿಗೆ ನಿಂತನು. ಅಮರೇಶನ ಕಣ್ಣು ಶಲ್ಯದ ಮೇಲೆ ಬಿತ್ತು, ಆದರೆ ಆ ಪುಣ್ಯಾತ್ಮ ಏನೂ ಅರಿಯದವನಂತೆ, ಅಜ್ಜಾರು ಹೊದಿಸಿದರೇನ್ರಿ ಅಣ್ಣಾವ್ರ, ಛಲೋ ಒಪ್ಪೇತಿ ಎಂದನು.

"ತಮ್ಮಾ, ನೀ ಕೊಟ್ಟಿದ್ದು," ಎಂದು ಶಿವಪುತ್ರಪ್ಪ ಹೇಳಿದನು.

ಅಮರೇಶ ತಾನೂ ಅಣ್ಣನಂತೆ ಕೋಟಿಲ್ಲದೆ ನಿಲ್ಲಲೆಂದು ಕೋಟಿನ ಗುಂಡಿ ಬಿಚ್ಚತೊಡಗಿದನು. ಅಷ್ಟರಲ್ಲಿ ಮಂತ್ರದ ದನಿ ಏರಿತು. ಕರೀ ಕೋಟಿನ ಅಂದಾನಪ್ಪ ಮಗಳ ಕೈಯನ್ನು ಶರಣಪ್ಪನ ಕೈಯಲ್ಲಿ ಇಟ್ಟನು. ಎಲ್ಲರಿಗಿಂತ ಮುಂದೆ ನಿಂತ ಗಿರಿಜವ್ವ ಅಕ್ಕಿಕಾಳು ಹಾಕಿದಳು.

ಶಿವಪುತ್ರಪ್ಪ ಆಮೇಲೆ ಬಹಳ ವರ್ಷ ಬಾಳಿದನು. ಅವನು ಕೋಟು ಹೊಲಿಸಿದ್ದು ಅದೇ ಮೊದಲು, ಅದೇ ಕೊನೆ. ಯಾವ ಮದುವೆಗೆ ಹೋದರೂ ಬಿಳಿ ಅಂಗಿ ತೊಟ್ಟು, ಆ ಜರಿ ಅಂಚಿನ ಶಲ್ಯವನ್ನು ಹೆಗಲಿಗೆ ಹಾಕಿಕೊಂಡು ಹೋಗುವನು. ಒಳಗೆ ಕಾಲಿಟ್ಟವನು ಮೊದಲು ಹಂದರದ ಅಂಚಿನಲ್ಲಿ ಕಣ್ಣಾಡಿಸುವನು. ಅಲ್ಲಿ ಯಾರಾದರೂ ಅಂಗಿಯ ಹರಕನ್ನು ಮುಚ್ಚಿಕೊಳ್ಳುತ್ತ ನಿಂತಿದ್ದರೆ, ಹೆಗಲ ಮೇಲಿನ ಶಲ್ಯವನ್ನು ಮಡಿಸಿ ಚೀಲದಲ್ಲಿಟ್ಟು, ಹೋಗಿ ಅವರ ಮಗ್ಗಲಲ್ಲಿ ನಿಲ್ಲುವನು. ಶ್ರೀ ಹೊನ್ನಲಿಂಗ ಅಜ್ಜನವರ ಕೃಪೆ ನಮ್ಮ ಹೊಟ್ಟೆಯ ಉರಿಯ ಮೇಲೂ ಹೀಗೆಯೇ ಬೀಳಲಿ.