ಇಲ್ಲಿ ನಗಬಹುದೇ?

“ಗುರುಗಳೇ, ನನಗೆ ತಲೆಬುಡ ಗೊತ್ತಾಗುತ್ತಿಲ್ಲ. ನಿನ್ನೆ ಸಂಜೆ ಮಠದ ಅಂಗಳದಲ್ಲಿ ಎರಡು ಚಿತ್ರ ತೋರಿಸಿದೆ. ಜನ ತಿಳಿದುಕೊಳ್ಳಲಿ ಎಂದು ವಿಜ್ಞಾನದ ಸಾಕ್ಷ್ಯಚಿತ್ರ ಹಾಕಿದರೆ ಬಿದ್ದು ಬಿದ್ದು ನಕ್ಕರು. ನಗಲಿ ಎಂದು ಕಾರ್ಟೂನ್ ಹಾಕಿದರೆ ಮುಂದೆ ಕೂತಿದ್ದ ಅಜ್ಜಿಯೊಬ್ಬರು ಅತ್ತುಬಿಟ್ಟರು. ಇವೆರಡರಲ್ಲಿ ಕೆಟ್ಟ ಚಿತ್ರ ಯಾವುದು? ಯಾವುದನ್ನು ನಿಲ್ಲಿಸಲಿ?” ಎಂದು ಶಿಷ್ಯ ಚನ್ನಮಲ್ಲ ಕೇಳಿದ.

“ನಿಲ್ಲಿಸುವುದಕ್ಕೆ ಅಷ್ಟೇನಪ್ಪಾ ಅವಸರ? ಕೂತುಕೋ,” ಎಂದು ಗುರುಗಳು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಪಾಪ, ಒಳ್ಳೆಯವನೇ. ಆದರೆ ಏನು ಕಂಡರೂ ಅದರ ಮೇಲೊಂದು ಅಭಿಪ್ರಾಯ ಹೇಳದಿದ್ದರೆ ಅವನಿಗೆ ಉಂಡ ಅನ್ನ ಅರಗುತ್ತಿರಲಿಲ್ಲ. ಹೆಂಡತಿಯೆಂದರೆ ಅವನಿಗೆ ಜೀವ. ಅವಳು ದೊಡ್ಡ ಕಾಯಿಲೆಯಿಂದ ಎದ್ದಿದ್ದಳು. ಮೈ ಸುಧಾರಿಸಿತ್ತು, ಆದರೆ ಮಾತು, ನಗು ಎರಡೂ ನಿಂತುಹೋಗಿದ್ದವು.

“ನನ್ನ ಔಷಧದ ಕೆಲಸ ಮುಗಿಯಿತು. ಇನ್ನು ಇವಳು ಮನಸ್ಸು ಬಿಚ್ಚಿ ನಗಬೇಕು. ಇಲ್ಲದಿದ್ದರೆ ಹೀಗೇ ಬಾಡಿಹೋಗುತ್ತಾಳೆ,” ಎಂದು ವೈದ್ಯ ಹೇಳಿದ.

ವ್ಯಾಪಾರಿ ಹೆದರಿದ. ಅಂದೇ ಟೀವಿ ತಂದು ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡ. ಮೊದಲು ಬಂದದ್ದು ಕಡಲಜೀವಿಗಳ ಸಾಕ್ಷ್ಯಚಿತ್ರ. ಅದರಲ್ಲಿ ಕಡಲಕುದುರೆ ಎಂಬ ಪುಟ್ಟ ಮೀನು. ಆ ಜಾತಿಯಲ್ಲಿ ಗಂಡೇ ಮರಿ ಹಾಕುತ್ತದೆ. ಗಂಡು ಮೀನು ಹೊಟ್ಟೆ ಮುಂದೆ ಮಾಡಿಕೊಂಡು ತಿಣುಕುವುದನ್ನು ಕಂಡು ಹೆಂಡತಿ ಕಿಸಕ್ಕನೆ ನಕ್ಕಳು.

“ಅಯ್ಯೋ, ನೋಡ್ರೀ! ಗಂಡಸೇ ಹೆರ್ತಾನೆ!” ಎಂದಳು.

“ಶ್! ಇದು ವಿಜ್ಞಾನ ಕಣೇ. ಇದಕ್ಕೆಲ್ಲ ನಗಬಾರದು, ತಿಳಿದುಕೊಳ್ಳಬೇಕು,” ಎಂದ ವ್ಯಾಪಾರಿ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಆಮೇಲೆ ಕಾರ್ಟೂನ್ ಬಂತು. ಕೋತಿಯೊಂದು ಆನೆಯ ಬುಟ್ಟಿಯಿಂದ ಬಾಳೆಹಣ್ಣನ್ನೆಲ್ಲ ಲಪಟಾಯಿಸಿತು. ಆನೆ ಖಾಲಿ ಬುಟ್ಟಿಯನ್ನು ತಲೆಗೆ ಹಾಕಿಕೊಂಡು ಸುಮ್ಮನೆ ಕೂತಿತು. ವ್ಯಾಪಾರಿ ತೊಡೆ ತಟ್ಟಿಕೊಂಡು ನಕ್ಕ. ಅವಳ ಕಣ್ಣು ತುಂಬಿತು.

“ಅಳ್ತೀಯಲ್ಲೇ! ಇದು ಕಾರ್ಟೂನು, ನಗಬೇಕು!” ಎಂದು ಅವನು ಭುಜ ಹಿಡಿದು ಅಲುಗಿಸಿದ.

ಅವಳು ಕಣ್ಣೊರೆಸಿಕೊಂಡಳು. ಅಷ್ಟರಲ್ಲಿ ಆನೆ ಜಾರಿ ಕೆಸರಿಗೆ ಬಿತ್ತು. ಈ ಸಲ ಅವಳು ಗಂಡನ ಮುಖ ನೋಡಿ, “ಇಲ್ಲಿ ನಗಬಹುದೇನ್ರೀ?” ಎಂದು ಕೇಳಿದಳು.

ಮರುದಿನ ಅವಳು ಟೀವಿ ಮುಂದೆ ಬರಲಿಲ್ಲ. ಕರೆದರೆ ಮಾತೂ ಆಡಲಿಲ್ಲ. ವ್ಯಾಪಾರಿ ದಿಕ್ಕು ತೋಚದೆ ವೈದ್ಯನ ಬಳಿಗೆ ಓಡಿದ.

“ಎರಡು ಚಿತ್ರವೂ ದಂಡ, ಸ್ವಾಮಿ! ಒಂದಕ್ಕೆ ಗಾಂಭೀರ್ಯವಿಲ್ಲ, ಇನ್ನೊಂದಕ್ಕೆ ನಗಿಸಲು ಬರುವುದಿಲ್ಲ. ನನ್ನ ಹೆಂಡತಿ ನಗುವಂಥ ಚಿತ್ರ ಎಲ್ಲಿ ಸಿಗುತ್ತದೆ, ಹೇಳಿ,” ಎಂದು ಗೊಳೋ ಎಂದು ಅತ್ತ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಚನ್ನಮಲ್ಲ ತಡೆಯಲಾರದೆ, “ಎಂಥ ಪೆದ್ದ! ಅವಳು ನಕ್ಕಿದ್ದಳಲ್ಲ! ಪಕ್ಕದಲ್ಲೇ ಕೂತಿದ್ದವಳನ್ನು ಅವನು ನೋಡಲೇ ಇಲ್ಲವಲ್ಲ!” ಎಂದ.

“ಹೌದೌದು, ಮಹಾ ಪೆದ್ದ. ಅದಿರಲಿ ಮಗು, ನಿನ್ನೆ ಆ ಅಜ್ಜಿ ಯಾಕೆ ಅತ್ತರಂತೆ?”